ಗುರುಸಿದ್ದಮ್ಮ ಓದಿದ ಕೊನೆಯ ಪುಟ

ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಗುರುಸಿದ್ದಮ್ಮ ಎಂದೂ ಕೂತು ಓದಿದವಳಲ್ಲ. ಕಾದಂಬರಿ ಹಿಡಿದು ಜಗಲಿಯ ಉದ್ದಕ್ಕೂ ಅಡ್ಡಾಡುತ್ತಿದ್ದಳು. ವಾಚನಾಲಯದಿಂದ ತಂದ ಪ್ರತಿ ಪುಸ್ತಕದಲ್ಲೂ ಅವಳು ಹುಡುಕುತ್ತಿದ್ದುದು ಒಂದನ್ನೇ: ಒಬ್ಬಳನ್ನೊಬ್ಬಳು ಪ್ರೀತಿಸಿ, ಕೊನೆಯವರೆಗೂ ಜೊತೆಗೆ ಬಾಳಿದ ಇಬ್ಬರು ಹೆಂಗಸರನ್ನು. ಅಂಥ ಗೆಳತಿಯರು ಸಿಕ್ಕರೂ ಕೊನೆಯ ಪುಟದಲ್ಲಿ ಒಬ್ಬಳಿಗೆ ಮದುವೆ, ಇಲ್ಲವೇ ಇಬ್ಬರಿಗೂ ಕೆರೆ. ಅದರ ಕೆಳಗೆ ಪೆನ್ಸಿಲಿನಲ್ಲಿ ‘ಮೋಸ’ ಎಂದು ಗೀಚಿ ಹಿಂದಿರುಗಿಸುವಳು. ಅದೇ ಅವಳ ವಿಮರ್ಶೆ.

ಭಾನುವಾರಗಳಂದು ಶಾಲೆಯ ಜಗಲಿಯಲ್ಲಿ ಅಕ್ಷರ ಬಾರದ ಹೆಂಗಸರಿಗೆ ಅವಳು ಕಾದಂಬರಿ ಓದಿ ಹೇಳುತ್ತಿದ್ದಳು. ೧೯೪೨ರ ಒಂದು ಭಾನುವಾರ ಮತ್ತೆ ಅದೇ ಮದುವೆಯ ಪುಟ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, ಗೆಳತಿಯರಿಬ್ಬರೂ ಅರಕಲಗೂಡಿನಲ್ಲಿ ಮನೆ ಮಾಡಿ ಮುದುಕಿಯರಾದರೆಂದು ಸುಳ್ಳೇ ಓದಿಬಿಟ್ಟಳು.

ಮರುವಾರ ಶಾಲೆಗೆ ನೀರು ಹೊರುವ ಹೊನ್ನಕ್ಕ, ಶಾಲೆಯಲ್ಲೇ ಉಳಿದಿದ್ದ ಆ ಪುಸ್ತಕ ಹಿಡಿದು ಎಲ್ಲರಿಗಿಂತ ಮೊದಲೇ ಬಂದಳು.

“ವಯಸ್ಕರ ಶಾಲೇಲಿ ಅಕ್ಸರ ಕಲ್ತಿವ್ನಿ ಮೇಷ್ಟ್ರಮ್ಮ. ಕೊನೇ ಪುಟ ಕೂಡಿಸ್ಕಂಡು ಓದ್ದೆ. ನೀವು ಏಳಿದ್ದು ಇದ್ರಲ್ಲಿ ಇಲ್ಲ.”

ಅಡ್ಡಾಡುತ್ತಿದ್ದ ಗುರುಸಿದ್ದಮ್ಮ ತಟ್ಟನೆ ನಿಂತಳು.

ಹೊನ್ನಕ್ಕ ಪುಸ್ತಕವನ್ನು ಜಗಲಿಯ ಮೇಲೆ ಬೋರಲು ಹಾಕಿದಳು. “ಇದು ಬ್ಯಾಡ. ನೀವು ಓದಿದ್ರಲ್ಲ, ಅದ ಇನ್ನೊಂದ್ ಸಲ ಓದಿ.”