ಗಂಜಿ ಊಟ ಅಲ್ರಿ

ಧಾರವಾಡದ ನನ್ನ ಔಷಧ ಅಂಗಡಿಗೆ ಗರಗದ ನೇಕಾರರೊಬ್ಬರ ಹೆಂಡತಿ ಟಾನಿಕ್ ಕೇಳಿಕೊಂಡು ಬಂದಿದ್ದರು. ಅವರ ಚೀಲದಲ್ಲಿ ಗಂಡನ ಬಿಪಿ ಗುಳಿಗೆಗಳು ಒಂದೂ ಖರ್ಚಾಗದೆ ಹಾಗೇ ಇದ್ದವು.

"ಯಾಕ ಕೊಟ್ಟಿಲ್ರೀ, ಅಕ್ಕಾರ?"

"ದವಾಖಾನಿ ಲಕೋಟಿ ಮ್ಯಾಲ 'ಊಟದ ನಂತರ' ಅಂತ ಐತ್ರಿ. ಜ್ವರ ಬಂದಾಗಿಂದ ರೊಟ್ಟಿ ಮುಟ್ಟಿಲ್ಲ, ಬರೇ ಗಂಜಿ ಕುಡ್ಯಾಕತ್ತಾರ. ಊಟಾನ ಆಗಿಲ್ಲಂದ್ರ ಗುಳಗಿ ಹೆಂಗ ಕೊಡ್ಲಿ?"

ನಾನು ತಿಳಿಸಿ ಹೇಳುವಷ್ಟರಲ್ಲಿ ತಡವಾಗಿತ್ತು. ಮರುದಿನವೇ ಅವರ ಗಂಡನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಗ್ಗ ನಡೆಸುವ ಬಲಗೈ ಉಳಿಯಲಿಲ್ಲ.

ಆರೋಗ್ಯ ಇಲಾಖೆಯ ಸಭೆಯಲ್ಲಿ ಎದ್ದು ನಿಂತು, 'ಗಂಜಿ ಕುಡಿದರೂ ಗುಳಿಗೆ ತಗೊಳ್ಳಿ' ಎಂದು ಲಕೋಟೆಯ ಮೇಲೆ ಅಚ್ಚು ಹಾಕಿಸಲು ಕೇಳಿದೆ.

"ಊಟ ಅಂದ್ರ ಏನಂತ ಮಂದಿಗೆ ಗೊತ್ತಿಲ್ಲೇನ್ರಿ?" ಸಾಹೇಬರು ನಕ್ಕರು. ಸಭೆಗೆ ತರಿಸಿದ್ದ ಉಪ್ಪಿಟ್ಟನ್ನು ತಟ್ಟೆ ತುಂಬ ತಿಂದು, ಕೈ ಒರೆಸಿಕೊಂಡು ಗಡಿಯಾರ ನೋಡಿದರು.

"ಲಗೂ ಮುಗಸ್ರಿ. ನಂದಿನ್ನೂ ಊಟ ಆಗಿಲ್ಲ."