ಅಕ್ಕನ ಸಹಿ ಮತ್ತು ಕ್ರೀಟ್ ದ್ವೀಪದ ಕಾನೂನು

ನ್ಯಾಮತಿಯ ಕಾಲೇಜೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರು. ವರ್ಷದಲ್ಲಿ ಒಂದು ಪಾಠವನ್ನು ಮಾತ್ರ ಪುಸ್ತಕ ಮುಟ್ಟದೆ ಮಾಡುತ್ತೇನೆ. ಅದು ಪ್ರಾಚೀನ ಗ್ರೀಕರ ಕ್ರೀಟ್ ದ್ವೀಪದ ಕಾನೂನು. ಅಲ್ಲಿನ ಗಾರ್ಟಿನ್ ಎಂಬ ಊರಿನವರು ಮದುವೆ, ವಿಚ್ಛೇದನ, ದತ್ತು, ಆಸ್ತಿ ಹಂಚಿಕೆಯ ಕಟ್ಟಳೆಗಳನ್ನೆಲ್ಲ ಕಲ್ಲುಗೋಡೆಯ ಮೇಲೆ ಕೆತ್ತಿಸಿಟ್ಟಿದ್ದರು. ನಾನು ಸಮುದ್ರ ನೋಡಿರುವುದು ಒಂದೇ ಸಲ, ಅದೂ ಕಾಲೇಜಿನ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ ವಾಂತಿ ಮಾಡುತ್ತಾ. ಹಾಗಾಗಿ ದ್ವೀಪ ಎಂದರೇನು ಎಂದು ಹೇಳುವಾಗ ಸೂಳೆಕೆರೆಯನ್ನೇ ಕರೆತರುತ್ತೇನೆ. ಕೆರೆ ಕಣ್ಣಿಗೆ ಕಾಣುವಷ್ಟು ದೂರ ಹಬ್ಬಿದೆ, ನಡುವೆ ಹೊನ್ನಾಳಿ ತಾಲ್ಲೂಕು ಎದ್ದು ನಿಂತಿದೆ ಅಂದುಕೊಳ್ಳಿ ಎನ್ನುತ್ತೇನೆ. ಹೊನ್ನಾಳಿ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಖುಷಿಯಾಗುತ್ತದೆ.

ಆ ಪಾಠದಲ್ಲಿ ನಾನು ಮೇಜು ಗುದ್ದುವ ಜಾಗವೊಂದಿದೆ. ತಂದೆ ತೀರಿಕೊಂಡರೆ ಊರೊಳಗಿನ ಮನೆ, ಕುರಿ, ದನ ಗಂಡುಮಕ್ಕಳಿಗೆ. ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದೇ. ಇದೆಂಥ ನ್ಯಾಯ ಎಂದು ಗುದ್ದುತ್ತೇನೆ. ಮುಂದಿನ ಬೆಂಚಿನ ಹೆಣ್ಣುಮಕ್ಕಳು ಮೆಚ್ಚುಗೆಯಿಂದ ನೋಡುತ್ತಾರೆ, ಆ ನೋಟಕ್ಕಾಗಿಯೇ ಗುದ್ದುತ್ತೇನೆ ಎಂದರೂ ಸುಳ್ಳಲ್ಲ. ಈ ಸಲ ಗುದ್ದಿದ ದಿನ, ಅದೇ ಮೇಜಿನ ಮೇಲಿದ್ದ ನನ್ನ ಬ್ಯಾಗಿನಲ್ಲಿ ಅಕ್ಕನ ಹಕ್ಕು ಬಿಡುಗಡೆ ಪತ್ರದ ಕರಡು ಇತ್ತು.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವ್ವ ಮೊದಲೇ ಹೋಗಿದ್ದಳು. ಉಳಿದವರು ಅಕ್ಕ ಮತ್ತು ನಾನು. ಉಳಿದದ್ದು ಸೂಳೆಕೆರೆಯ ನೀರು ಹಾಯುವ ಗದ್ದೆ. ಅದರ ಪಹಣಿಯಲ್ಲಿ ನನ್ನ ಹೆಸರೊಂದೇ ಇರಬೇಕು ಎನ್ನುವುದು ನನ್ನಾಸೆ. ನಮ್ಮ ಕಡೆ ಇದಕ್ಕೆ ಜಗಳವೇನೂ ಆಗುವುದಿಲ್ಲ. ಅಕ್ಕತಂಗಿಯರು ಬಂದು ಪಾಲು ಬೇಡವೆಂದು ಸಹಿ ಹಾಕುತ್ತಾರೆ, ತವರಿನವರು ಸೀರೆ, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬುತ್ತಾರೆ, ಎಲ್ಲರೂ ಹೋಳಿಗೆ ಉಣ್ಣುತ್ತಾರೆ. ಜಗಳೂರು ಕಡೆ ಬಿಳಿಚೋಡಿಗೆ ಕೊಟ್ಟ ಅಕ್ಕನಿಗೆ ನಾನು ಫೋನು ಮಾಡಿ, ಒಂದು ಸಹಿ ಅಷ್ಟೇ ಎಂದೆ. ಅವಳು ಯಾವಾಗ ಬರಬೇಕು ಎಂದಳು. ನನ್ನ ಹೆಂಡತಿ ಹಸಿರು ಸೀರೆ ತಂದಿಟ್ಟಳು.

ಅಕ್ಕ ಬೆಳಗ್ಗೆಯೇ ಮನೆ ಬಿಟ್ಟು ಎರಡು ಬಸ್ಸು ಬದಲಿಸಿ ಚನ್ನಗಿರಿಯ ನೋಂದಣಿ ಕಚೇರಿಗೆ ಬಂದಿದ್ದಳು. ನಮ್ಮ ಸರದಿ ಊಟದ ನಂತರ ಎಂದರು. ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಿಡಿದು ಕುಳಿತೆವು. ಸುಮ್ಮನೆ ಕುಳಿತು ತಿಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರ ಬಾಯಿ, ಕೇಳುವವರೊಬ್ಬರು ಸಿಕ್ಕರೆ ಮುಚ್ಚುವುದಿಲ್ಲ. ಈಗ ಕಾಲೇಜಿನಲ್ಲಿ ಏನು ಹೇಳಿಕೊಡ್ತಿದೀಯ ಎಂದು ಅಕ್ಕ ಕೇಳಿದ್ದೇ ಸಾಕಾಯಿತು. ಕ್ರೀಟ್ ದ್ವೀಪವನ್ನು, ಮಗನ ಎರಡು ಪಾಲು ಮಗಳ ಒಂದು ಪಾಲಿನ ಸಮೇತ, ಪೂರ್ತಿ ಬಿಚ್ಚಿಟ್ಟೆ. ಸಾಕ್ಷಿ ಇಲ್ಲದ ಕಡೆ ಅವರು ದೇವರ ಆಣೆಗೆ ಬೆಲೆ ಕೊಡುತ್ತಿದ್ದರು ಎಂದೆ. ಗಂಡನನ್ನು ಬಿಟ್ಟು ಹೊರಟ ಹೆಂಗಸು, ನಾನು ಅವನ ವಸ್ತು ಒಯ್ದಿಲ್ಲ ಎಂದು ಆರ್ಟೆಮಿಸ್ ಎಂಬ ದೇವಿಯ ಮುಂದೆ ಆಣೆ ಇಟ್ಟರೆ ಮುಗಿಯಿತು ಎಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ನನ್ನ ವಿದ್ಯಾರ್ಥಿಗಳ್ಯಾರೂ ಕೇಳದಷ್ಟು ಗಮನವಿಟ್ಟು ಕೇಳಿದಳು. ಅವಳು ಶಾಲೆ ಬಿಟ್ಟಿದ್ದು ನನ್ನನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ ಎಂದು. ಅದು ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ಊಟದ ಹೊತ್ತು ಮುಗಿದ ಮೇಲೆ ಪತ್ರ ಬರೆಯುವವರು ಕರೆದು ಕೂರಿಸಿ ಪತ್ರ ಓದತೊಡಗಿದರು. 'ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ' ಎನ್ನುವಲ್ಲಿಗೆ ಬಂದಾಗ ಅಕ್ಕ ಕೈಯೆತ್ತಿ ನಿಲ್ಲಿಸಿದಳು. ಒಂದು ಗಳಿಗೆ ಬರ್ತೀವಿ ರೀ ಎಂದು ಅವರಿಗೆ ಹೇಳಿ, ನನ್ನ ತೋಳು ಹಿಡಿದು ಎಬ್ಬಿಸಿದಳು. ರಸ್ತೆಯ ಆಚೆಗೆ ಅಮ್ಮನ ಗುಡಿ. ಹೋಗುವಾಗ ಅಂಗಡಿಯಲ್ಲಿ ಕರ್ಪೂರ ಕೊಂಡಳು. ಗುಡಿಯ ಹೊಸ್ತಿಲ ಮೇಲೆ ಅದನ್ನು ಹಚ್ಚಿಟ್ಟು ನನ್ನ ಕಡೆ ತಿರುಗಿದಳು.

"ನೀನೇ ಹೇಳಿದ್ಯಲ್ಲ ತಮ್ಮ, ದೇವಿ ಮುಂದೆ ಆಣೆ ಇಟ್ಟರೆ ಮುಗೀತು ಅಂತ. ಅಕ್ಕ ತನ್ನ ಮನಸ್ಸಿಂದ ಕೊಡ್ತಿದಾಳೆ, ಒತ್ತಾಯ ಇಲ್ಲ ಅಂತ ನೀನು ಕರ್ಪೂರ ಮುಟ್ಟಿ ಹೇಳು. ಮರುಗಳಿಗೆಗೆ ಸಹಿ ಹಾಕ್ತೀನಿ."

ದೇವರಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ವಾದಿಸುವವರಲ್ಲಿ ನಾನೇ ಮೊದಲಿಗ. ಆ ಲೆಕ್ಕದಲ್ಲಿ ಕರ್ಪೂರ ಬರೀ ಕರ್ಪೂರ, ಮುಟ್ಟಿದರೆ ಬೆರಳು ಸುಡುತ್ತದೆ ಅಷ್ಟೆ. ಕೈ ಮುಂದೆ ಹೋಗಲಿಲ್ಲ. ಕೆಮ್ಮಿದೆ, ಕನ್ನಡಕ ಒರೆಸಿದೆ. ನೀನು ಯಾವಾಗ ಬರಬೇಕು ಅಂತ ಕೇಳಿದೆಯಲ್ಲ, ಅದು ಒಪ್ಪಿಗೆಯೇ ಅಲ್ವಾ ಎಂದು ದೇವಿಯ ಎದುರೇ ವಕೀಲನ ಹಾಗೆ ವಾದಿಸಿದೆ. ಕರ್ಪೂರ ತಾನೇ ಉರಿದು ಮುಗಿಯಿತು.

ಸೋತವನಿಗೆ ಔದಾರ್ಯ ಉಕ್ಕಿ ಬರುತ್ತದೆ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಹೋಗಲಿ ಬಿಡಕ್ಕ, ಎರಡು ಪಾಲು ನನಗಿರಲಿ, ಒಂದು ಪಾಲು ನೀನೇ ತಗೋ ಎಂದೆ. ದೊಡ್ಡ ತ್ಯಾಗ ಮಾಡಿದ ತೃಪ್ತಿಯಿಂದ ನನ್ನ ಎದೆಯುಬ್ಬಿತ್ತು.

"ಅದು ಆ ದ್ವೀಪದ್ದು," ಅಂದಳು ಅಕ್ಕ. "ನಮ್ಮ ಕಾನೂನಿನಾಗೆ ಅರ್ಧ ಐತಂತಲ್ಲ, ನನ್ನ ಮಗಳು ಮೊಬೈಲಿನಾಗೆ ಓದಿ ಹೇಳಿದಳು. ನಾವು ಯಾವ ದೇಶದಾಗೆ ಇದೀವಿ ಮೇಷ್ಟ್ರೇ?"

ತಮ್ಮ ಎನ್ನುವುದನ್ನು ಬಿಟ್ಟು ಮೇಷ್ಟ್ರೇ ಎಂದಿದ್ದು ಅದೇ ಮೊದಲು. ನನಗೆ ನಗು ಬಂತು, ನಾಚಿಕೆಯೂ ಆಯಿತು, ಯಾವುದನ್ನು ಮೊದಲು ತೋರಿಸಬೇಕೋ ತಿಳಿಯದೆ ಬೈಕಿನ ಕೀಲಿ ಹುಡುಕಿದೆ. ಕರಡನ್ನು ವಾಪಸ್ ತಂದೆ. ಅಕ್ಕ ಮನೆಗೆ ಬರುವುದಿಲ್ಲ, ಇಲ್ಲಿಂದಲೇ ಬಸ್ಸು ಹಿಡಿಯುತ್ತೇನೆ ಎಂದಳು. ಬಸ್ಸು ಎಲ್ಲಿ ತಪ್ಪುತ್ತದೆ, ಹೋಳಿಗೆ ಮಾಡಿದಾರೆ ಎಂದೆ. ಅವಳು ಬ್ಯಾಗು ಎದೆಗವಚಿಕೊಂಡು ನಿಂತಳು.

"ಸಹಿ ಹಾಕದಿದ್ದರೂ ಉಡಿ ತುಂಬ್ತೀರಾ? ಪಾಲು ಕೇಳಿದ ಮೇಲೆ ತವರಿಗೆ ಬರಾಕೆ ಆಗ್ತೈತಾ?"

ಇಷ್ಟು ವರ್ಷ ಕಾನೂನಿನ ಇತಿಹಾಸ ಹೇಳಿಯೂ, ಹೆಣ್ಣುಮಕ್ಕಳು ಯಾಕೆ ಅಷ್ಟು ಸುಲಭವಾಗಿ ಸಹಿ ಹಾಕುತ್ತಾರೆ ಎಂಬುದು ನನಗೆ ತಿಳಿದಿದ್ದು ಅಲ್ಲಿ, ಚನ್ನಗಿರಿಯ ಆ ರಸ್ತೆಯಲ್ಲಿ. ಅವರು ಗದ್ದೆ ಕೊಟ್ಟು ತವರನ್ನು ಉಳಿಸಿಕೊಳ್ಳುತ್ತಾರೆ. ಬೈಕ್ ಹತ್ತು ಅಕ್ಕ ಎಂದೆ. ನ್ಯಾಮತಿಯವರೆಗೆ ಅವಳು ಬೈಕಿನ ಹಿಂದೆ ನನ್ನ ಭುಜ ಹಿಡಿದು ಕುಳಿತಿದ್ದಳು.

ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಒಂದು ಕ್ಷಣ ನನ್ನ ಮುಖ ನೋಡಿದಳು. ಅವಳೂ ಹಿಂದಿನ ವರ್ಷ ತನ್ನ ಅಣ್ಣನಿಗೆ ಇಂಥದ್ದೇ ಸಹಿ ಹಾಕಿ ಬಂದವಳು. ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಹಸಿರು ಸೀರೆಯಿಟ್ಟು ಉಡಿ ತುಂಬಿದಳು. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.