ಕೂತೇ ಇರುವವಳ ವಿಶ್ರಾಂತಿ

ಬಸವಕಲ್ಯಾಣದ ಜಿಮ್‌ನಲ್ಲಿ ನಾನು ಮೊದಲ ಸಲ ಮೈಮುರಿಯುವಷ್ಟು ಭಾರ ಎತ್ತಿದ ದಿನ, ಅಲ್ಲಿ ಕಲಿಸುವ ಸರ್ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು ಒಂದು ಪಾಠ ಹೇಳಿದರು. ಭಾರ ಎತ್ತುವಾಗ ಮಾಂಸಖಂಡ ಬೆಳೆಯುವುದಿಲ್ಲ, ದಣಿದು ಹರಿಯುತ್ತದೆ. ಬೆಳೆಯುವುದು ಆಮೇಲೆ, ಸುಮ್ಮನಿದ್ದಾಗ. ಕಣ್ತುಂಬ ನಿದ್ದೆ ಬೇಕು, ಕಾಳು, ಹಾಲು, ಶೇಂಗಾ ಹೊಟ್ಟೆಗೆ ಬೀಳಬೇಕು, ನೋವಿದ್ದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು.

"ಮತ್ತ ನಾಳಿ ಭುಜಕ್ಕ ಪೂರಾ ರೆಸ್ಟ್ ಕೊಡಬೇಕು ನೋಡು ತಂಗಿ. ಒಂದು ಕೊಡಾನೂ ಎತ್ತಬ್ಯಾಡ."

"ಸರ್, ನಾ ಭುಜದ ಮ್ಯಾಲೇ ನಡೀತೀನ್ರಿ. ನಾಳಿ ಬಚ್ಚಲಕ್ಕ ಹ್ಯಾಂಗ ಹೋಗ್ಲಿ?"

ಅವರು ನಕ್ಕರು. ನಾನು ನಗುತ್ತಿಲ್ಲ ಅಂತ ಗೊತ್ತಾದ ಮೇಲೆ ಅವರ ನಗು ಬಾಯಲ್ಲೇ ಉಳಿಯಿತು. ಮೂಲೆಗೆ ಒರಗಿಸಿದ್ದ ನನ್ನ ಊರುಗೋಲುಗಳನ್ನು ನೋಡಿದರು. ಒಳ್ಳೆಯ ಮನುಷ್ಯರು, ಅವನ್ನು ತಂದು ನನ್ನ ಕೈಗೆ ಕೊಟ್ಟರು.

ಮಾತು ಕಲಿಯುವ ಮೊದಲೇ ಪೋಲಿಯೊ ನನ್ನ ಎರಡೂ ಕಾಲು ತಿಂದಿತ್ತು. ಮನೆಯೊಳಗೆ ಊರುಗೋಲು, ಹೊರಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು. ಹುಮನಾಬಾದಿನಲ್ಲಿ ಅಣ್ಣ ಮತ್ತು ಅವನ ಹೆಂಡತಿಯ ಜೊತೆ ಇರುತ್ತೇನೆ. ಅವಳನ್ನು ನಾನು ವೈನಿ ಅನ್ನುತ್ತೇನೆ. ಸೀರೆಗೆ ಫಾಲು ಹಚ್ಚುವುದು, ಬ್ಲೌಸಿಗೆ ಹುಕ್ಕು ಹೊಲಿಯುವುದು ನನ್ನ ಕೆಲಸ. ಜಿಮ್ ಸೇರುವ ಮೊದಲು ಒಮ್ಮೆ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಗಿಲ ಕಂಬಿ ಹಿಡಿದು ಬರೀ ಕೈಬಲದಿಂದ ಮೈಯನ್ನು ಬಸ್ಸಿನೊಳಗೆ ಎಳೆದುಕೊಂಡಿದ್ದನ್ನು ಸರ್ ನೋಡಿದರು. ಒಳಗೆ ಬಂದು ಹಿಂದಿನ ಸೀಟಿನಲ್ಲಿ ಕೂತು, ನನ್ನಂಥವರಿಗೂ ಭಾರ ಎತ್ತುವ ಸ್ಪರ್ಧೆ ಇದೆ ಅಂದರು. ಬೆಂಚಿನ ಮೇಲೆ ಅಂಗಾತ ಮಲಗಿ, ಕಾಲಿಗೆ ಬೆಲ್ಟು ಬಿಗಿಸಿಕೊಂಡು, ಕಬ್ಬಿಣದ ಸರಳನ್ನು ಎದೆಯವರೆಗೆ ಇಳಿಸಿ ಮತ್ತೆ ಮೇಲಕ್ಕೆ ದೂಡುವುದು. ಅಲ್ಲಿ ಕಾಲನ್ನು ಯಾರೂ ಕೇಳುವುದಿಲ್ಲ. ನನಗೆ ಹಿಡಿಸಿದ್ದು ಅದೇ.

ಸರ್‌ಗೆ ಸಿಗದ ಉತ್ತರವನ್ನು ವೈನಿ ಹುಡುಕಿದಳು. ಹಳೆಯ ಹಲಗೆಯೊಂದಕ್ಕೆ ಬಡಗಿಯ ಹತ್ತಿರ ಗಾಲಿ ಹಾಕಿಸಿ ಹಗ್ಗ ಕಟ್ಟಿದಳು. ಭಾರ ಎತ್ತಿದ ಮರುದಿನ ನನ್ನನ್ನು ಅದರ ಮೇಲೆ ಕೂಡಿಸಿಕೊಂಡು ಬಚ್ಚಲಿಗೆ, ಅಡುಗೆಮನೆಗೆ, ಅಂಗಳದ ಬಿಸಿಲಿಗೆ ಎಳೆಯುತ್ತಿದ್ದಳು. ಸಂಜೆ ಕುಸುಬೆ ಎಣ್ಣೆ ಬೆಚ್ಚಗೆ ಮಾಡಿ ಹೆಗಲಿನಿಂದ ಮೊಣಕೈತನಕ ತಿಕ್ಕುತ್ತಿದ್ದಳು. ಆಮೇಲೆ ಬಿಸಿ ಉಪ್ಪಿನ ಗಂಟಿನ ಶಾಖ. ಎತ್ತುವ ಭಾರ ತಿಂಗಳಿಂದ ತಿಂಗಳಿಗೆ ಏರಿತು. ಸರ್ ಅದನ್ನು ನನ್ನ ಛಲ ಅಂದರು.

ಮನೆಗೆ ಬಂದುಹೋಗುವವರಿಗೆ ಆ ಹಲಗೆ ತಮಾಷೆಯಾಗಿತ್ತು. "ಮಹಾರಾಣಿ ಸವಾರಿ ಹೊಂಟದ ನೋಡ್ರಿ" ಅಂತ ಪಕ್ಕದ ಮನೆಯವಳು ಕೂಗುತ್ತಿದ್ದಳು. ಅಣ್ಣನದು ಬೇರೆಯೇ ಮಾತು. ಒಮ್ಮೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ.

"ದಿನಾ ಕುಂತೇ ಇರ್ತೀದಿ. ನಿನಗ ಬ್ಯಾರೆ ರೆಸ್ಟ್ ಯಾಕ ಬೇಕು?"

ಅವನು ಹೊಟ್ಟೆಕಿಚ್ಚಿನಿಂದ ಅಂದಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಡೆಯದವರು ಹುಟ್ಟಿದಾಗಿನಿಂದ ವಿಶ್ರಾಂತಿಯಲ್ಲೇ ಇರುತ್ತಾರೆ ಅಂತ ಲೋಕ ನಂಬಿದೆ. ಕೂತವಳು ಏಳಬೇಕಾದರೆ ಎಷ್ಟು ಭಾರ ಎತ್ತಬೇಕು ಅನ್ನುವುದನ್ನು ಯಾರೂ ತೂಗಿ ನೋಡಿಲ್ಲ.

ರಾಜ್ಯಮಟ್ಟದ ಸ್ಪರ್ಧೆಯಲ್ಲಿ ನನಗೆ ಬೆಳ್ಳಿ ಪದಕ ಬಂತು. ಕೊನೆಯ ಸಲ ಸರಳನ್ನು ದೂಡಿದಾಗ ಎರಡೂ ಭುಜ ಉರಿದುಹೋಗಿದ್ದವು. ಈ ವಾರ ಪೂರ್ತಿ ಹುಷಾರಾಗಿರಬೇಕು ಅಂತ ಸರ್ ಹೇಳಿ ಕಳಿಸಿದರು. ಊರಿಗೆ ಬಂದ ಮರುದಿನವೇ ಸನ್ಮಾನ ಅಂತ ಹುಮನಾಬಾದಿನ ಕೆಲವು ಮುಖಂಡರು ಮನೆಗೆ ಬಂದರು. ಅಣ್ಣ ಎಂದೂ ಇಲ್ಲದ ಹುರುಪಿನಿಂದ ಅವರಿಗೆ ಚಹಾ ತರಿಸಿದ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಸುಳ್ಳು ಯಾಕೆ, ಆಸೆಯೂ ಇತ್ತು.

ಸಭಾಂಗಣದ ವೇದಿಕೆಗೆ ಎತ್ತರದ ಮೆಟ್ಟಿಲುಗಳಿದ್ದವು. ಕೆಳಗೇ ಕುರ್ಚಿ ಹಾಕಿ ಶಾಲು ಹೊದಿಸಿ ಅಂತ ಕೇಳಿಕೊಂಡೆ.

"ಹಂಗ ಹ್ಯಾಂಗ ಆಗ್ತದ್ರಿ? ನೀವ್ ಸ್ಟೇಜ್ ಮ್ಯಾಲ ಬರಬೇಕ್ರಿ. ಕೆಳಗ ಫೋಟೋ ಚಂದ ಬರಂಗಿಲ್ಲ" ಅಂದರು ಅವರಲ್ಲಿ ಹಿರಿಯರು.

"ಹಂಗಾದ್ರ ಕುರ್ಚಿ ಸಮೇತ ಎತ್ರಿ. ರಟ್ಟಿ ಮಾತ್ರ ಹಿಡೀಬ್ಯಾಡ್ರಿ."

ಅಷ್ಟರಲ್ಲಿ ನನ್ನ ಹೆಸರು ಕೂಗಿದರು, ಬಾಜಾ ಶುರುವಾಯಿತು. ಇಬ್ಬರು ಗಂಡಸರು ಎರಡೂ ಕಡೆಯಿಂದ ನನ್ನ ಕಂಕುಳಿಗೆ ಕೈ ಹಾಕಿದರು. "ಬ್ಯಾಡ್ರೀ, ಬ್ಯಾಡ್ರೀ" ಅಂದೆ. ಸಂಕೋಚ ಅಂದುಕೊಂಡರೇನೋ, ಇನ್ನೂ ಗಟ್ಟಿಯಾಗಿ ಹಿಡಿದರು. ಗೋಧಿ ಚೀಲ ಎಳೆದಂತೆ ಎಳೆದರು. ಒಬ್ಬ ಒಂದು ಮೆಟ್ಟಿಲು ಮುಂದೆ ಹೋದ, ಇನ್ನೊಬ್ಬ ಹಿಂದೆ ಉಳಿದ, ನನ್ನ ಇಡೀ ಮೈ ಬಲಗೈಗೆ ಜೋತುಬಿತ್ತು. ಭುಜದೊಳಗೆ ಹಸಿ ಬಟ್ಟೆ ಹರಿದಂಥ ಸದ್ದಾಯಿತು. ಬಾಜಾದ ಗದ್ದಲದಲ್ಲಿ ಅದು ನನಗೊಬ್ಬಳಿಗೇ ಕೇಳಿಸಿತು.

ಅದೇ ಭುಜದ ಮೇಲೆ ಶಾಲು ಹೊದಿಸಿದರು. ಸ್ಮರಣಿಕೆ ಕೊಟ್ಟಾಗ ಬಲಗೈ ಮೇಲೆ ಬರಲಿಲ್ಲ, ಎಡಗೈಯಲ್ಲಿ ತೆಗೆದುಕೊಂಡೆ. ಎಡಗೈಯಿಂದ ತೆಗೆದುಕೊಂಡಳಲ್ಲ ಅಂತ ಮುಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಫೋಟೋ ಚಂದವೇ ಬಂದಿದೆ.

ಬೀದರಿನ ಡಾಕ್ಟರು ಸ್ಕ್ಯಾನ್ ನೋಡಿ, ಭುಜದ ಸ್ನಾಯು ಹರಿದಿದೆ ಅಂದರು. ಕೈಯನ್ನು ಕೊರಳಿಗೆ ಜೋಳಿಗೆಯಂತೆ ಕಟ್ಟಿ, ಬಿಚ್ಚಬೇಡಿ ಅಂದರು. ಕಾಲಿಲ್ಲದವಳಿಗೆ ಒಂದು ಕೈಯೂ ಹೋದರೆ ಏನುಳಿಯುತ್ತದೆ? ಊರುಗೋಲು ಹಿಡಿಯಲಾಗದು, ಸೈಕಲ್ಲು ತಿರುಗಿಸಲಾಗದು, ಸೂಜಿಗೆ ದಾರ ಪೋಣಿಸಲಾಗದು. ಎಲ್ಲವೂ ವೈನಿಯ ಮೇಲೆ ಬಿತ್ತು. ಹಲಗೆಯಿಂದ ಎತ್ತಿ ಹಾಸಿಗೆಗೆ, ಹಾಸಿಗೆಯಿಂದ ಬಚ್ಚಲಿಗೆ. ಭಾರ ಎತ್ತಿ ಎತ್ತಿ ನಾನು ಕಟ್ಟಿಕೊಂಡಿದ್ದ ಮೈಯನ್ನು ಈಗ ಅವಳು ದಿನವಿಡೀ ಎತ್ತಬೇಕಾಯಿತು.

ಒಂದು ಮಧ್ಯಾಹ್ನ ನೀರಿಗಾಗಿ ಎರಡನೆಯ ಸಲ ಕೂಗಿದೆ. ವೈನಿ ಚಂಬನ್ನು ನೆಲಕ್ಕೆ ಕುಕ್ಕಿದಳು.

"ನನಗೂ ಹೆಗಲ ಅದಾವವ್ವ. ಅವೂ ನೋಯ್ತಾವ. ಅವಕ್ಕ ಎಣ್ಣಿ ಯಾರ್ ಹಚ್ಚತಾರ ಹೇಳು?"

ಆ ವಾರವೇ ಘಾಟಬೋರಾಳದ ತವರಿಗೆ ಹೋದಳು. ಅಣ್ಣನ ಕೈಯಡುಗೆ ತಿಂದು, ಅವನು ಮುಖ ಆಚೆ ತಿರುಗಿಸಿಕೊಂಡು ನನ್ನನ್ನು ಎತ್ತುವುದನ್ನು ಸಹಿಸಿ ದಿನ ಕಳೆದೆ. ರೆಸ್ಟು ಯಾಕೆ ಬೇಕು ಅಂತ ಅವನು ಮತ್ತೆ ಕೇಳಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ.

ಕೈಯ ಕಟ್ಟು ಬಿಚ್ಚುವ ಹೊತ್ತಿಗೆ ರಾಷ್ಟ್ರಮಟ್ಟದ ಸ್ಪರ್ಧೆ ಮುಗಿದಿತ್ತು. ಈಗಲೂ ಬಸವಕಲ್ಯಾಣಕ್ಕೆ ಹೋಗುತ್ತೇನೆ. ಮೊದಲ ತಿಂಗಳು ಎತ್ತಿದ್ದಷ್ಟೂ ಈಗ ಏಳುವುದಿಲ್ಲ. ಸರ್ ಸಾವಕಾಶ ಅನ್ನುತ್ತಾರೆ. ನನ್ನನ್ನು ವೇದಿಕೆಗೆ ಎಳೆದ ಆ ಇಬ್ಬರಲ್ಲಿ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಯಾಕ್ರಿ, ಬಿಟ್ಟೇಬಿಟ್ರೇನು? ಮನಸ್ಸ್ ಗಟ್ಟಿ ಮಾಡ್ರಿ" ಅಂದರು. ನಾನು ಬಸ್ಸಿನ ಕಂಬಿಗೆ ಎಡಗೈ ಚಾಚಿದೆ. ಭುಜ ಹರಿದದ್ದು ಹೇಗೆ ಅಂತ ಅವರಿಗೆ ಹೇಳಿದ್ದರೆ ಒಳ್ಳೆಯದಿತ್ತು ಅಂತ ಬಸ್ಸು ಹೊರಟ ಮೇಲೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ವೈನಿ ವಾಪಸು ಬಂದಿದ್ದಾಳೆ. ಬಾಗಿದರೆ ಏಳುವಾಗ ಗೋಡೆ ಹಿಡಿಯುತ್ತಾಳೆ. ಮೊನ್ನೆ ಎಣ್ಣೆ ಬಟ್ಟಲು ತಂದು ಅವಳ ಮುಂದೆ ಇಟ್ಟು, "ಬಾ, ಎಡಗೈಲೇ ತಿಕ್ಕತೀನಿ. ಡಾಕ್ಟರಿಗೂ ಒಮ್ಮೆ ತೋರಿಸು" ಅಂದೆ.

"ನನಗೇನಾಗೇದ? ನಾ ನಡೀತೀನಲ್ಲ" ಅಂದು ಅಡುಗೆಮನೆಗೆ ಹೋದಳು.